ಆರೋಪಿ ಖುಲಾಸೆಯಾದರೂ ಪರಿಹಾರವೇ? ನೊಂದವರ ಹಕ್ಕುಗಳು ಎಲ್ಲಿ ಸಿಕ್ಕಿಕೊಳ್ಳುತ್ತವೆ

ಪತ್ರಿಕೆಗಳ ಜಿಲ್ಲಾ ಪುಟದಲ್ಲಿ ಒಂದೇ ಅಚ್ಚಿನ ಸುದ್ದಿ ಮತ್ತೆ ಮತ್ತೆ ಬರುತ್ತದೆ. ಅಪರಾಧಿಗೆ ಇಷ್ಟು ವರ್ಷ ಕಠಿಣ ಸಜೆ, ಇಷ್ಟು ಸಾವಿರ ದಂಡ. ಸಂತ್ರಸ್ತೆಗೆ ಇಷ್ಟು ಲಕ್ಷ ಪರಿಹಾರ ಕೊಡುವಂತೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ನಿರ್ದೇಶನ. ದಂಡ ಸಾವಿರದ ಲೆಕ್ಕದಲ್ಲಿದ್ದರೆ ಪರಿಹಾರ ಲಕ್ಷದ ಲೆಕ್ಕದಲ್ಲಿರುವುದು ಹೇಗೆ, ಆ ಹಣ ಕೊಡುವವರು ಯಾರು ಎಂಬ ಪ್ರಶ್ನೆ ಓದಿದವರಿಗೆ ಏಳುತ್ತದೆ. ಕೆಲವು ಪ್ರಕರಣಗಳಲ್ಲಂತೂ ಆರೋಪಿ ಖುಲಾಸೆಯಾಗಿರುತ್ತಾನೆ, ಆದರೂ ಪರಿಹಾರದ ಆದೇಶ ಇರುತ್ತದೆ. ಅಪರಾಧವೇ ಸಾಬೀತಾಗದ ಮೇಲೆ ಪರಿಹಾರ ಯಾವುದಕ್ಕೆ ಎಂದು ಕಮೆಂಟುಗಳಲ್ಲಿ ಜಗಳ ಶುರುವಾಗುತ್ತದೆ.

ಈ ಸುದ್ದಿಗಳ ಹಿಂದೆ ಎರಡು ಬೆಳವಣಿಗೆಗಳಿವೆ. 2024ರ ಜುಲೈ 1ರಿಂದ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಅಂದರೆ ಬಿಎನ್‌ಎಸ್‌ಎಸ್ ಬಂತು. ಅದೇ ವರ್ಷದ ನವೆಂಬರ್ 4ರಂದು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದ ಬಿ.ವಿ. ನಾಗರತ್ನ ಮತ್ತು ಪಂಕಜ್ ಮಿಥಲ್ ಅವರ ಪೀಠ ಒಂದು ನಿರ್ದೇಶನ ಕೊಟ್ಟಿತು. ಲೈಂಗಿಕ ದೌರ್ಜನ್ಯದಂಥ ದೈಹಿಕ ಹಾನಿಯ ಪ್ರಕರಣಗಳಲ್ಲಿ, ವಿಶೇಷವಾಗಿ ಮಕ್ಕಳು ಮತ್ತು ಮಹಿಳೆಯರು ನೊಂದಿದ್ದಲ್ಲಿ, ಸೆಷನ್ಸ್ ನ್ಯಾಯಾಲಯಗಳು ಶಿಕ್ಷೆ ವಿಧಿಸಲಿ, ಖುಲಾಸೆ ಮಾಡಲಿ, ತೀರ್ಪಿನಲ್ಲೇ ಪರಿಹಾರದ ವಿಷಯವನ್ನು ಇತ್ಯರ್ಥ ಮಾಡಬೇಕು ಎಂಬುದು ಅದರ ಸಾರ. ಹಾಗೆಂದು ಇದು ಹೊಸ ಹಕ್ಕಲ್ಲ. 2009ರ ಕೊನೆಯಿಂದಲೂ ಕಾನೂನಿನಲ್ಲಿದ್ದು ಬಳಕೆಗೆ ಬಾರದೆ ಉಳಿದಿದ್ದನ್ನು ಕೋರ್ಟ್ ನೆನಪಿಸಿತು, ಅಷ್ಟೆ.

## ಹಣ ಬರುವ ಎರಡು ದಾರಿ

ಮೊದಲ ದಾರಿ ಅಪರಾಧಿಯ ಜೇಬಿನಿಂದ. ಬಿಎನ್‌ಎಸ್‌ಎಸ್ ಕಲಂ 395ರ ಪ್ರಕಾರ (ಹಳೆಯ 357) ನ್ಯಾಯಾಲಯ ತಾನು ವಿಧಿಸಿದ ದಂಡದಲ್ಲಿ ಒಂದು ಪಾಲನ್ನೋ ಪೂರ್ತಿಯನ್ನೋ ನೊಂದವರಿಗೆ ಕೊಡಿಸಬಹುದು. ಕೇಳಲು ಚೆನ್ನಾಗಿದೆ, ಆದರೆ ಹಣ ಕೈಗೆ ಬರುವುದು ಅಪರೂಪ. ಶಿಕ್ಷೆಯಾದವರಲ್ಲಿ ಬಹುಪಾಲು ಬಡವರು. ದಂಡ ಕಟ್ಟುವ ಬದಲು ಇನ್ನಷ್ಟು ತಿಂಗಳು ಜೈಲಿನಲ್ಲೇ ಕಳೆಯುತ್ತಾರೆ. ಕಟ್ಟಿದರೂ ಇನ್ನೊಂದು ತೊಡಕು ಕಾದಿದೆ. ಮೇಲ್ಮನವಿಗೆ ಅವಕಾಶವಿರುವ ಪ್ರಕರಣದಲ್ಲಿ ಮೇಲ್ಮನವಿಯ ಅವಧಿ ಮುಗಿಯುವವರೆಗೆ, ಮೇಲ್ಮನವಿ ಸಲ್ಲಿಕೆಯಾದರೆ ಅದು ತೀರ್ಮಾನವಾಗುವವರೆಗೆ, ದಂಡದ ಹಣವನ್ನು ಹಂಚುವಂತಿಲ್ಲ. ಗಂಭೀರ ಪ್ರಕರಣಗಳಲ್ಲಿ ಮೇಲ್ಮನವಿ ಹೋಗದೇ ಇರುವುದಿಲ್ಲ, ಹೈಕೋರ್ಟಿನಲ್ಲಿ ಅದು ವರ್ಷಗಟ್ಟಲೆ ಬಾಕಿ ಉಳಿಯುತ್ತದೆ.

ಎರಡನೆಯ ದಾರಿ ಸರ್ಕಾರದ ಬೊಕ್ಕಸದಿಂದ. ಕಲಂ 396 (ಹಳೆಯ 357ಎ) ಪ್ರತಿ ರಾಜ್ಯವೂ ಸಂತ್ರಸ್ತರ ಪರಿಹಾರ ಯೋಜನೆ ರೂಪಿಸಬೇಕು ಎನ್ನುತ್ತದೆ. ಕರ್ನಾಟಕದ ಯೋಜನೆ 2011ರದು. ಹಣ ರಾಜ್ಯದ್ದು, ಎಷ್ಟು ಎಂದು ತೀರ್ಮಾನಿಸುವುದು ಜಿಲ್ಲಾ ಅಥವಾ ರಾಜ್ಯ ಕಾನೂನು ಸೇವಾ ಪ್ರಾಧಿಕಾರ. ದಂಡಕ್ಕೂ ಪರಿಹಾರಕ್ಕೂ ತಾಳೆಯಾಗದೆ ಇರುವುದಕ್ಕೆ ಇದೇ ಕಾರಣ, ಅವೆರಡೂ ಬೇರೆ ಬೇರೆ ಜೇಬಿನವು.

ಖುಲಾಸೆಯ ಒಗಟೂ ಇಲ್ಲೇ ಬಿಡಿಸಿಕೊಳ್ಳುತ್ತದೆ. ಕ್ರಿಮಿನಲ್ ವಿಚಾರಣೆ ಕೇಳುವ ಪ್ರಶ್ನೆ ಒಂದೇ: ಈ ವ್ಯಕ್ತಿಯೇ ಈ ಕೃತ್ಯ ಎಸಗಿದ್ದಾನೆಂದು ಸಂಶಯಾತೀತವಾಗಿ ಸಾಬೀತಾಗಿದೆಯೇ? ಸಾಬೀತಾಗದಿದ್ದರೆ ಆತ ಹೊರಗೆ ಹೋಗಬೇಕು. ಆದರೆ ಚಾಕು ತಗುಲಿದ ಗಾಯ, ಸುಟ್ಟ ಮುಖ, ನಿಂತುಹೋದ ದುಡಿಮೆ ಇವೆಲ್ಲ ತೀರ್ಪಿನ ಮರುದಿನವೂ ಹಾಗೇ ಇರುತ್ತವೆ. ಅದಕ್ಕೇ ಕಲಂ 396(3), ಪ್ರಕರಣ ಖುಲಾಸೆಯಲ್ಲಿ ಮುಗಿದರೂ ನೊಂದವರಿಗೆ ಪುನರ್ವಸತಿ ಬೇಕಿದ್ದರೆ ಶಿಫಾರಸು ಮಾಡಲು ವಿಚಾರಣಾ ನ್ಯಾಯಾಲಯಕ್ಕೆ ಅಧಿಕಾರ ಕೊಡುತ್ತದೆ. 396(4) ಇನ್ನೂ ಒಂದು ಹೆಜ್ಜೆ ಮುಂದಿದೆ: ಅಪರಾಧಿ ಪತ್ತೆಯೇ ಆಗದಿದ್ದರೂ, ಠಾಣೆಯ ಮಾತಿನಲ್ಲಿ ‘ಸಿ ರಿಪೋರ್ಟ್’ ಹಾಕಿದ ಪ್ರಕರಣದಲ್ಲೂ, ನೊಂದವರೋ ಅವರ ಅವಲಂಬಿತರೋ ನೇರವಾಗಿ ಪ್ರಾಧಿಕಾರಕ್ಕೆ ಅರ್ಜಿ ಹಾಕಬಹುದು. ಕಳ್ಳ ಸಿಗಲಿಲ್ಲ, ಕೇಸು ಮುಗಿಯಿತು ಎಂದುಕೊಂಡು ಕೂತ ಎಷ್ಟೋ ಕುಟುಂಬಗಳಿಗೆ ಈ ಉಪಕಲಂ ಗೊತ್ತೇ ಇಲ್ಲ.

## ಎಷ್ಟು, ಯಾವ ರೀತಿಯಲ್ಲಿ

ಮಹಿಳೆಯರ ವಿಷಯದಲ್ಲಿ ದರಗಳು ದೇಶಕ್ಕೆಲ್ಲ ಸ್ಪಷ್ಟವಾಗಿವೆ. ಸುಪ್ರೀಂ ಕೋರ್ಟಿನ ಸೂಚನೆಯಂತೆ ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ (ನಾಲ್ಸಾ) ರೂಪಿಸಿದ ಯೋಜನೆ 2018ರ ಅಕ್ಟೋಬರ್ 2ರಿಂದ ಜಾರಿಯಲ್ಲಿದೆ. ಅತ್ಯಾಚಾರಕ್ಕೆ ಕನಿಷ್ಠ 4 ಲಕ್ಷ, ಗರಿಷ್ಠ 7 ಲಕ್ಷ ರೂಪಾಯಿ. ಸಾಮೂಹಿಕ ಅತ್ಯಾಚಾರಕ್ಕೂ ಜೀವಹಾನಿಗೂ 5ರಿಂದ 10 ಲಕ್ಷ. ಆ್ಯಸಿಡ್ ದಾಳಿಯಲ್ಲಿ ಮುಖ ವಿರೂಪಗೊಂಡರೆ 7ರಿಂದ 8 ಲಕ್ಷ. ನೊಂದವಳು ಅಪ್ರಾಪ್ತೆಯಾಗಿದ್ದರೆ ಇದರ ಮೇಲೆ ಶೇ 50ರಷ್ಟು ಹೆಚ್ಚು.

ಆದೇಶವಾದ ಮೊತ್ತವೆಲ್ಲ ಒಮ್ಮೆಗೇ ಕೈಗೆ ಬರುವುದಿಲ್ಲ ಎಂಬುದನ್ನು ಸುದ್ದಿಗಳು ಹೇಳುವುದಿಲ್ಲ. 5 ಲಕ್ಷದ ಆದೇಶವಾದರೆ ಶೇ 25, ಅಂದರೆ 1.25 ಲಕ್ಷ ತಕ್ಷಣದ ಖರ್ಚಿಗೆ. ಉಳಿದ 3.75 ಲಕ್ಷ ಕನಿಷ್ಠ ಮೂರು ವರ್ಷ ನಿಶ್ಚಿತ ಠೇವಣಿಯಲ್ಲಿರುತ್ತದೆ, ಬಡ್ಡಿ ಮಾತ್ರ ತಿಂಗಳಿಗೊಮ್ಮೆ ಉಳಿತಾಯ ಖಾತೆಗೆ ಬೀಳುತ್ತದೆ. ಬಾಲಕಿಯಾದರೆ ಠೇವಣಿಯ ಪಾಲು ಶೇ 80. 18 ತುಂಬುವವರೆಗೆ, ಹಾಗೂ ಮೂರು ವರ್ಷಕ್ಕೆ ಮೊದಲು, ತೆಗೆಯುವಂತಿಲ್ಲ. ಓದು, ಚಿಕಿತ್ಸೆಯಂಥ ತುರ್ತಿದ್ದರೆ ಪ್ರಾಧಿಕಾರದ ಅನುಮತಿ ಪಡೆಯಬೇಕು. ಹತ್ತಿರದ ಸಂಬಂಧಿಕರೇ ಹಣ ಲಪಟಾಯಿಸದಂತೆ ಹಾಕಿದ ಬೇಲಿ ಇದು, ತಪ್ಪೇನಲ್ಲ. ಆದರೆ ಅದೇ ಬೇಲಿ, ಮೊದಲ ಆರು ತಿಂಗಳಲ್ಲಿ ಊರು ಬದಲಿಸಬೇಕಾದ, ಬಾಡಿಗೆ ಮನೆಗೆ ಮುಂಗಡ ಹೊಂದಿಸಬೇಕಾದ ಕುಟುಂಬಕ್ಕೂ ಅಡ್ಡ ನಿಲ್ಲುತ್ತದೆ.

ಅದಕ್ಕಾಗಿಯೇ ಮಧ್ಯಂತರ ಪರಿಹಾರ ಇರುವುದು. ಆ್ಯಸಿಡ್ ದಾಳಿಯಲ್ಲಿ ಪ್ರಾಧಿಕಾರದ ಗಮನಕ್ಕೆ ಬಂದ 15 ದಿನದೊಳಗೆ 1 ಲಕ್ಷ, ಆಮೇಲೆ ಎರಡು ತಿಂಗಳೊಳಗೆ ಇನ್ನೂ 2 ಲಕ್ಷ ಕೊಡಬೇಕು. ಪೋಕ್ಸೊ (ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆ ಕಾಯ್ದೆ) ಪ್ರಕರಣದಲ್ಲಿ 2020ರ ನಿಯಮಗಳ ಪ್ರಕಾರ ಎಫ್‌ಐಆರ್ ಆದ ಮೇಲೆ ಯಾವ ಹಂತದಲ್ಲಾದರೂ ವಿಶೇಷ ನ್ಯಾಯಾಲಯ ತಾನಾಗಿಯೇ ಮಧ್ಯಂತರ ಪರಿಹಾರ ಕೊಡಿಸಬಹುದು. ಆದೇಶ ತಲುಪಿದ 30 ದಿನದೊಳಗೆ ಹಣ ಸಲ್ಲಬೇಕು. ಚಿಕಿತ್ಸೆಗೆ ಇವ್ಯಾವುದನ್ನೂ ಕಾಯಬೇಕಿಲ್ಲ. ಅತ್ಯಾಚಾರ, ಆ್ಯಸಿಡ್ ದಾಳಿ, ಪೋಕ್ಸೊ ಪ್ರಕರಣಗಳಲ್ಲಿ ಸರ್ಕಾರಿಯಾಗಲಿ ಖಾಸಗಿಯಾಗಲಿ ಯಾವ ಆಸ್ಪತ್ರೆಯೂ ಮುಂಗಡ ಕೇಳುವಂತಿಲ್ಲ, ‘ಮೊದಲು ಪೊಲೀಸ್ ಲೆಟರ್ ತನ್ನಿ’ ಎನ್ನುವಂತಿಲ್ಲ (ಕಲಂ 397). ಚಿಕಿತ್ಸೆ ನಿರಾಕರಿಸಿದರೆ ಆಸ್ಪತ್ರೆ ನಡೆಸುವವರಿಗೆ ಭಾರತೀಯ ನ್ಯಾಯ ಸಂಹಿತೆಯ ಕಲಂ 200ರಡಿ ಒಂದು ವರ್ಷದವರೆಗೆ ಸಜೆ ಆಗಬಹುದು.

## ಫೈಲು ನಿಲ್ಲುವುದು ಎಲ್ಲೆಲ್ಲಿ

ಹಕ್ಕುಗಳು ಇಷ್ಟಿದ್ದೂ ಹಣ ತಲುಪುವುದು ತಡವೇಕೆ? ಕಾಯ್ದೆಯಲ್ಲಿ ‘ಕೊಡತಕ್ಕದ್ದು’ ಎಂದಿದೆ. ಅದನ್ನು ಯಾವ ದಿನ, ಯಾರು ಶುರು ಮಾಡಬೇಕು ಎಂಬುದು ಬಹುತೇಕ ಕಡೆ ತೆರೆದೇ ಉಳಿದಿದೆ. ಇಡೀ ವ್ಯವಸ್ಥೆಯ ದುರ್ಬಲ ಕೊಂಡಿ ಇದು.

ಎಫ್‌ಐಆರ್‌ನ ದಿನದಿಂದಲೇ ನೋಡಿ. ಲೈಂಗಿಕ ದೌರ್ಜನ್ಯ, ಆ್ಯಸಿಡ್ ದಾಳಿ, ವರದಕ್ಷಿಣೆ ಸಾವಿನಂಥ ಪ್ರಕರಣಗಳಲ್ಲಿ ಎಫ್‌ಐಆರ್ ದಾಖಲಾದ ಕೂಡಲೇ ಅದರ ಪ್ರತಿಯನ್ನು ಠಾಣಾಧಿಕಾರಿ ಕಾನೂನು ಸೇವಾ ಪ್ರಾಧಿಕಾರಕ್ಕೆ ಕಳುಹಿಸಲೇಬೇಕು ಎಂದು ನಾಲ್ಸಾ ಯೋಜನೆ ಹೇಳುತ್ತದೆ. ಅರ್ಜಿಯನ್ನು ಠಾಣಾಧಿಕಾರಿಯೇ ಹಾಕಬಹುದು. ಆದರೆ ಮೊದಲ ವಾರದಲ್ಲಿ ಠಾಣೆಗೆ ಬಂಧನ, ಮಹಜರು, ವೈದ್ಯಕೀಯ ವರದಿ, ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಮಾದರಿ ಕಳುಹಿಸುವ ಕೆಲಸಗಳಿರುತ್ತವೆ. ಇವುಗಳಲ್ಲಿ ಒಂದು ತಪ್ಪಿದರೂ ಕೋರ್ಟಿನಲ್ಲಿ ಪ್ರಶ್ನೆ ಬರುತ್ತದೆ. ಪ್ರಾಧಿಕಾರಕ್ಕೆ ಪ್ರತಿ ಹೋಗದಿದ್ದರೆ ಕೇಳುವವರಿಲ್ಲ. ಕೇಳುವವರಿಲ್ಲದ ಕೆಲಸ ಹಿಂದೆ ಬೀಳುವುದು ಯಾವ ಕಚೇರಿಯಲ್ಲೂ ಹೊಸದಲ್ಲ.

ಮುಂದಿನ ತಡೆ ತೀರ್ಪಿನ ಹಂತದ್ದು. ‘ಯೋಜನೆಯ ಪ್ರಕಾರ ಪರಿಹಾರಕ್ಕೆ ಪ್ರಾಧಿಕಾರ ಕ್ರಮ ಕೈಗೊಳ್ಳಲಿ’ ಎಂದಷ್ಟೇ ತೀರ್ಪಿನ ಕೊನೆಯ ಸಾಲಿನಲ್ಲಿದ್ದರೆ ಪ್ರಾಧಿಕಾರ ಮತ್ತೆ ಮೊದಲಿಂದ ವಿಚಾರಣೆ ನಡೆಸಬೇಕು. ಅದಕ್ಕೆ ತೀರ್ಪಿನ ಪ್ರತಿ ಬೇಕು, ವೈದ್ಯಕೀಯ ದಾಖಲೆ ಬೇಕು, ನೊಂದವರ ಬ್ಯಾಂಕ್ ಖಾತೆ ಬೇಕು. ಲೈಂಗಿಕ ದೌರ್ಜನ್ಯದ ತೀರ್ಪುಗಳಲ್ಲಿ ಹೆಸರು, ವಿಳಾಸ ಮುಚ್ಚಿಡುವುದು ಕಾನೂನು. ಹಾಗಾಗಿ ಆದೇಶ ಹಿಡಿದು ಕೂತ ಗುಮಾಸ್ತರಿಗೆ ಆ ಹುಡುಗಿ ಯಾರು, ಈಗ ಎಲ್ಲಿದ್ದಾಳೆ ಎಂದು ತಿಳಿಯಲು ಮತ್ತೆ ಠಾಣೆಗೇ ಪತ್ರ ಬರೆಯಬೇಕಾಗುತ್ತದೆ. ಅಷ್ಟರಲ್ಲಿ ತನಿಖಾಧಿಕಾರಿಗೆ ವರ್ಗವಾಗಿರುತ್ತದೆ, ಕುಟುಂಬ ಊರು ಬಿಟ್ಟಿರುತ್ತದೆ. ಮಗುವಿನ ಹೆಸರಿನಲ್ಲಿ ಖಾತೆ ತೆರೆಯಲು ಪೋಷಕರ ಸಹಿ ಬೇಕು. ಆರೋಪಿ ತಂದೆಯೇ ಆಗಿದ್ದರೆ, ತಾಯಿ ಅವನ ಕಡೆಗೇ ನಿಂತಿದ್ದರೆ, ಪೋಷಕರು ಯಾರೆಂಬುದೇ ಬೇರೆಯ ಪ್ರಶ್ನೆ.

ಅರ್ಜಿ ಅಥವಾ ಶಿಫಾರಸು ಬಂದ ಎರಡು ತಿಂಗಳೊಳಗೆ ವಿಚಾರಣೆ ಮುಗಿಸಬೇಕು ಎಂದು 396(5) ಹೇಳುತ್ತದೆ. ಆದರೆ ಆ ಗಡುವು ವಿಚಾರಣೆಗೆ, ಪಾವತಿಗಲ್ಲ. ಆದೇಶವಾದರೂ ನಿಧಿಯಲ್ಲಿ ಹಣವಿಲ್ಲದಿದ್ದರೆ ಫೈಲು ಸಾಲಿನಲ್ಲಿ ನಿಲ್ಲುತ್ತದೆ. ಕೇಂದ್ರ ಸರ್ಕಾರ ಮಹಿಳೆಯರ ಸುರಕ್ಷತೆಗೆಂದು ಇಟ್ಟ ನಿರ್ಭಯಾ ನಿಧಿಯಿಂದ 200 ಕೋಟಿ ರೂಪಾಯಿ ತೆಗೆದು ರಾಜ್ಯಗಳಿಗೆ ಹಂಚಿದ್ದು ಒಂದೇ ಸಲದ ನೆರವು. ಆಮೇಲಿನ ಹೊರೆ ರಾಜ್ಯ ಬಜೆಟ್ಟಿನದು. ಪರಿಹಾರ ಎಷ್ಟು ಬೇಕಾದೀತೆಂದು ಮೊದಲೇ ಅಂದಾಜು ಮಾಡುವುದು ಕಷ್ಟವಾದ್ದರಿಂದ ವರ್ಷದ ಕೊನೆಯ ತಿಂಗಳುಗಳ ಆದೇಶಗಳು ಮುಂದಿನ ಬಜೆಟ್‌ಗೆ ಜಾರುವ ಅಪಾಯ ಸದಾ ಇದೆ.

## ಅಟ್ರಾಸಿಟಿ ಕಾಯ್ದೆ ಬೇರೆ ರೀತಿ ಯೋಚಿಸಿತು

ಹೋಲಿಸಿ ನೋಡಲು ನಮ್ಮಲ್ಲೇ ಇನ್ನೊಂದು ಮಾದರಿಯಿದೆ. ಪರಿಶಿಷ್ಟ ಜಾತಿ ಮತ್ತು ಪಂಗಡಗಳ ದೌರ್ಜನ್ಯ ತಡೆ ನಿಯಮಗಳನ್ನು 2016ರಲ್ಲಿ ತಿದ್ದಿದಾಗ ಪರಿಹಾರವನ್ನು 85 ಸಾವಿರದಿಂದ 8.25 ಲಕ್ಷದವರೆಗೆ ನಿಗದಿ ಮಾಡಿ, ಪ್ರತಿ ಕಂತನ್ನೂ ಪ್ರಕರಣದ ಒಂದೊಂದು ಹಂತಕ್ಕೆ ಕಟ್ಟಿಹಾಕಿದರು. ಕೊಲೆ ಪ್ರಕರಣದಲ್ಲಿ ಮರಣೋತ್ತರ ಪರೀಕ್ಷೆ ಆದ ಮೇಲೆ ಅರ್ಧ, ದೋಷಾರೋಪ ಪಟ್ಟಿ ಕೋರ್ಟಿಗೆ ಹೋದಾಗ ಉಳಿದರ್ಧ. ಅತ್ಯಾಚಾರದಲ್ಲಿ 5 ಲಕ್ಷದ ಶೇ 50 ವೈದ್ಯಕೀಯ ಪರೀಕ್ಷೆಯ ನಂತರ, ಶೇ 25 ದೋಷಾರೋಪ ಪಟ್ಟಿಯ ಜೊತೆ, ಕೊನೆಯ ಶೇ 25 ಕೆಳ ನ್ಯಾಯಾಲಯದ ವಿಚಾರಣೆ ಮುಗಿದಾಗ.

ಇಲ್ಲಿ ನೊಂದವರು ಅರ್ಜಿ ಹಿಡಿದು ಅಲೆಯಬೇಕಾದ್ದಿಲ್ಲ, ನ್ಯಾಯಾಧೀಶರಿಗೆ ಶಿಫಾರಸು ಮಾಡುವುದು ನೆನಪಿರಲಿ ಎಂದು ಕಾಯಬೇಕಾದ್ದೂ ಇಲ್ಲ. ಪೊಲೀಸರು ಹೇಗೂ ಮಾಡಲೇಬೇಕಾದ ಕೆಲಸವೇ ಹಣದ ಕೀಲಿಯಾಗುತ್ತದೆ. ಕಾಯ್ದೆಯ 15ಎ ಕಲಂ ಪ್ರಕಾರ ಜಾಮೀನು ಸೇರಿದಂತೆ ಪ್ರತಿ ಕಲಾಪಕ್ಕೂ ನೊಂದವರಿಗೆ ಮುಂಚಿತವಾಗಿ ತಿಳಿಸಲೇಬೇಕು. ಈ ವ್ಯವಸ್ಥೆಯಲ್ಲೂ ವಿಳಂಬವಿದೆ, ದೂರುಗಳಿವೆ. ಆದರೆ ತಡವಾದರೆ ಯಾರ ಮೇಜಿನಲ್ಲಿ ತಡವಾಯಿತೆಂದು ಬೆರಳಿಟ್ಟು ತೋರಿಸಬಹುದು. 396ರ ಯೋಜನೆಯಲ್ಲಿ ಅದೂ ಸಾಧ್ಯವಾಗುವುದಿಲ್ಲ.

ಹೀಗಾಗಿ ಈಗ ನೊಂದವರಲ್ಲೇ ತರತಮ ಹುಟ್ಟಿಕೊಂಡಿದೆ. ಅಟ್ರಾಸಿಟಿ ಕಾಯ್ದೆಯವರಿಗೆ ಕಂತು, ಪೋಕ್ಸೊ ಮಕ್ಕಳಿಗೆ ವಿಶೇಷ ನ್ಯಾಯಾಲಯ, ಮಹಿಳೆಯರಿಗೆ ನಾಲ್ಸಾ ದರಪಟ್ಟಿ. ರಾತ್ರಿ ಪಾಳಿ ಮುಗಿಸಿ ಬರುವಾಗ ದರೋಡೆಕೋರರಿಂದ ಇರಿತಕ್ಕೊಳಗಾದ ಕಾರ್ಮಿಕನಿಗೆ ರಾಜ್ಯದ ಹಳೆಯ ಯೋಜನೆಯೊಂದೇ ಗತಿ.

## ನೊಂದವರು ಕೋರ್ಟಿನಲ್ಲಿ ಯಾರು?

ದುಡ್ಡಿನಷ್ಟೇ ಗೊಂದಲ ಈ ಪ್ರಶ್ನೆಯಲ್ಲಿದೆ. ಕ್ರಿಮಿನಲ್ ಪ್ರಕರಣದ ಶೀರ್ಷಿಕೆಯಲ್ಲಿ ಒಂದು ಕಡೆ ‘ಕರ್ನಾಟಕ ಸರ್ಕಾರ’, ಇನ್ನೊಂದು ಕಡೆ ಆರೋಪಿ. ನೊಂದವರ ಪಾತ್ರ ಸಾಕ್ಷಿಯದು: ಸಮನ್ಸ್ ಬಂದ ದಿನ ಬಂದು, ಪಾಟಿ ಸವಾಲಿಗೆ ಉತ್ತರಿಸಿ ಹೋಗುವುದು. ಇದು ಬದಲಾಗಬೇಕೆಂದು ದೊಡ್ಡ ದನಿಯಲ್ಲಿ ಹೇಳಿದ್ದು ಕರ್ನಾಟಕ ಮತ್ತು ಕೇರಳ ಹೈಕೋರ್ಟ್‌ಗಳ ಮುಖ್ಯ ನ್ಯಾಯಮೂರ್ತಿಯಾಗಿದ್ದ ವಿ.ಎಸ್. ಮಳಿಮಠ ಅವರ ಸಮಿತಿ. 2000ದಲ್ಲಿ ನೇಮಕವಾದ ಆ ಸಮಿತಿ 2003ರ ವರದಿಯಲ್ಲಿ ನೊಂದವರಿಗೆ ವಿಚಾರಣೆಯಲ್ಲಿ ಭಾಗವಹಿಸುವ ಹಕ್ಕು ಬೇಕು, ಪರಿಹಾರ ಸರ್ಕಾರದ ಹೊಣೆಯಾಗಬೇಕು ಎಂದಿತು. ಅದೇ ವರದಿ ‘ಸಂಶಯಾತೀತ’ ಸಾಬೀತಿನ ಮಟ್ಟವನ್ನು ಸಡಿಲಿಸಬೇಕೆಂದೂ ಹೇಳಿದ್ದರಿಂದ ನಾಗರಿಕ ಹಕ್ಕುಗಳ ಪರವಾಗಿದ್ದವರು ಸಿಡಿದೆದ್ದರು. ಒಳ್ಳೆಯ ಶಿಫಾರಸುಗಳೂ ಆ ವಿವಾದದ ಅಡಿಯಲ್ಲಿ ಹೂತುಹೋದವು; ನಂತರ ಒಂದೊಂದಾಗಿ, ತಿದ್ದುಪಡಿಗಳ ರೂಪದಲ್ಲಿ ಮೇಲೆದ್ದವು.

ಈಗಿನ ಸ್ಥಿತಿಯಲ್ಲಿ ಸುಪ್ರೀಂ ಕೋರ್ಟಿನ ಮಾತುಗಳೇ ಮೇಲುನೋಟಕ್ಕೆ ಒಂದಕ್ಕೊಂದು ಹೊಂದುವುದಿಲ್ಲ. 2018ರಲ್ಲಿ ಕರ್ನಾಟಕದಿಂದಲೇ ಹೋದ ಪ್ರಕರಣವೊಂದರಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ, ಖುಲಾಸೆಯ ವಿರುದ್ಧ ಮೇಲ್ಮನವಿ ಹಾಕಲು ನೊಂದವರು ಹೈಕೋರ್ಟಿನ ಮುಂಚಿನ ಅನುಮತಿ ಪಡೆಯಬೇಕಿಲ್ಲ ಎಂದು 2:1 ಬಹುಮತದಲ್ಲಿ ತೀರ್ಪು ಕೊಟ್ಟಿತು. 2019ರಲ್ಲಿ ಪಶ್ಚಿಮ ಬಂಗಾಳದ ಪ್ರಕರಣದಲ್ಲಿ, ನೊಂದವರ ವಕೀಲರು ಸರ್ಕಾರಿ ಅಭಿಯೋಜಕರಿಗೆ ನೆರವಾಗಬಹುದೇ ಹೊರತು ತಾವೇ ವಾದಿಸುವಂತಿಲ್ಲ, ಪಾಟಿ ಸವಾಲು ಮಾಡುವಂತಿಲ್ಲ ಎಂದಿತು. 2022ರಲ್ಲಿ, ರೈತರ ಮೇಲೆ ವಾಹನ ಹರಿದ ಲಖೀಂಪುರ ಖೇರಿ ಪ್ರಕರಣದಲ್ಲಿ ಮತ್ತೆ, ತನಿಖೆಯಿಂದ ಮೇಲ್ಮನವಿಯವರೆಗೆ ಪ್ರತಿ ಹಂತದಲ್ಲೂ ನೊಂದವರ ಮಾತನ್ನು ಕೇಳಬೇಕು ಎಂದಿತು. ಮೂರನ್ನೂ ಸೇರಿಸಿ ಓದಿದರೆ ಹೊಳೆಯುವುದಿಷ್ಟು: ಜಾಮೀನು, ಮೇಲ್ಮನವಿಯಂಥ ತೀರ್ಮಾನದ ಗಳಿಗೆಗಳಲ್ಲಿ ದನಿಯಿದೆ, ಸಾಕ್ಷ್ಯ ಕಟ್ಟುವ ದೈನಂದಿನ ಕಲಾಪದ ಲಗಾಮು ಮಾತ್ರ ಸರ್ಕಾರದ ಕೈಯಲ್ಲೇ.

ಹೊಸ ಸಂಹಿತೆ ಇನ್ನಷ್ಟು ಸೇರಿಸಿದೆ. ಸರ್ಕಾರ ಕೇಸು ಹಿಂಪಡೆಯುವ ಮೊದಲು ನೊಂದವರ ಮಾತು ಕೇಳಬೇಕು (ಕಲಂ 360). ತನಿಖೆಯ ಪ್ರಗತಿಯನ್ನು 90 ದಿನದೊಳಗೆ ತಿಳಿಸಬೇಕು (ಕಲಂ 193). ಆದರೆ ಏನೇನು ತಿಳಿಸಬೇಕೆಂದು ಬಿಡಿಸಿ ಹೇಳಿಲ್ಲ. ‘ತನಿಖೆ ಪ್ರಗತಿಯಲ್ಲಿದೆ’ ಎಂಬ ಒಂದು ಸಾಲಿನ ಮೆಸೇಜು ಕಳುಹಿಸಿಯೂ ಕೈತೊಳೆದುಕೊಳ್ಳಬಹುದು.

ಕಲಂ 230ರಲ್ಲಿ ಒಂದು ಸಣ್ಣ ಷರತ್ತಿದೆ. ದೋಷಾರೋಪ ಪಟ್ಟಿ ಮತ್ತು ಹೇಳಿಕೆಗಳ ಪ್ರತಿಯನ್ನು ಆರೋಪಿ ಕೋರ್ಟಿಗೆ ಹಾಜರಾದ 14 ದಿನದೊಳಗೆ ಆರೋಪಿಗೂ ನೊಂದವರಿಗೂ ಕೊಡಬೇಕು. ಆದರೆ ನೊಂದವರಿಗೆ ಸಿಗುವುದು ‘ವಕೀಲರು ಪ್ರತಿನಿಧಿಸುತ್ತಿದ್ದರೆ’ ಮಾತ್ರ. ಸರ್ಕಾರಿ ಅಭಿಯೋಜಕರು ಇರುವಾಗ ನಮಗೇಕೆ ವಕೀಲರು ಎಂದುಕೊಂಡ ಕುಟುಂಬದ ಕೈಗೆ ಪಟ್ಟಿ ಬರುವುದೇ ಇಲ್ಲ. ಪಟ್ಟಿ ನೋಡದೆ ಯಾವ ಕಲಂ ಕೈಬಿಟ್ಟಿದ್ದಾರೆ, ಯಾವ ಸಾಕ್ಷಿಯನ್ನು ಸೇರಿಸಿಲ್ಲ ಎಂದು ಗೊತ್ತಾಗುವುದಿಲ್ಲ. ಗೊತ್ತಾಗುವುದು ಖುಲಾಸೆಯ ತೀರ್ಪು ಓದಿದ ದಿನ. ಹೆಚ್ಚಿನ ಪರಿಹಾರ ದರಕ್ಕಿಂತ, ಎಫ್‌ಐಆರ್ ದಿನವೇ ನೊಂದವರಿಗೊಬ್ಬ ಉಚಿತ ವಕೀಲರನ್ನು ತಾನಾಗಿ ನೇಮಿಸುವ ನಿಯಮ ಹೆಚ್ಚು ಕೆಲಸ ಮಾಡೀತು ಎನ್ನಲು ಇದೇ ಕಾರಣ. ಮಹಿಳೆಯರು, ಮಕ್ಕಳು, ಪರಿಶಿಷ್ಟರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವಿನ ಹಕ್ಕು 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಲ್ಲೇ ಇದೆ. ಆದರೆ ಅದನ್ನೂ ಕೇಳಿ ಪಡೆಯಬೇಕು.

## ಆಕ್ಷೇಪಗಳು ಹಗುರವಲ್ಲ

ಆರೋಪಿ ಪರ ವಕೀಲರ ಮುಖ್ಯ ಆತಂಕ, ಒಬ್ಬ ಆರೋಪಿಯ ಎದುರು ಇಬ್ಬರು ಅಭಿಯೋಜಕರು ನಿಲ್ಲುತ್ತಾರೆ ಎಂಬುದು. ಪೊಲೀಸು, ವಿಧಿವಿಜ್ಞಾನ ಪ್ರಯೋಗಾಲಯ, ಸರ್ಕಾರಿ ವಕೀಲರು ಎಲ್ಲರೂ ಒಂದೇ ಕಡೆ ಇರುವಾಗ ಖಾಸಗಿ ವಕೀಲರೂ ಪಾಟಿ ಸವಾಲಿಗೆ ಇಳಿದರೆ ತಕ್ಕಡಿ ವಾಲುತ್ತದೆ. ಈ ವಾದದಲ್ಲಿ ಹುರುಳಿದೆ. 2019ರ ಮಿತಿ ಇರಲಿ ಎನ್ನಲು ಅದು ಸಾಕು. ಪರಿಹಾರದ ಮೇಲಿನ ಆಕ್ಷೇಪ ಅಷ್ಟು ಗಟ್ಟಿಯಲ್ಲ. ತೀರ್ಪಿಗೆ ಮೊದಲೇ ಹಣ ಕೊಟ್ಟರೆ ಆರೋಪಿ ತಪ್ಪಿತಸ್ಥ ಎಂದು ಒಪ್ಪಿದಂತೆ ಎನ್ನುತ್ತಾರೆ, ಆದರೆ ಆ ಹಣ ಆರೋಪಿಯದಲ್ಲ, ರಾಜ್ಯದ್ದು.

ನಿಜಕ್ಕೂ ಯೋಚಿಸಬೇಕಾದ್ದು ಹೊಸ ಸಂಹಿತೆಯ ಕಲಂ 107. ಅಪರಾಧದಿಂದ ಬಂದ ಆಸ್ತಿಯನ್ನು ಜಪ್ತಿ ಮಾಡಿ, ಜಿಲ್ಲಾ ದಂಡಾಧಿಕಾರಿ 60 ದಿನದೊಳಗೆ ನೊಂದವರಿಗೆ ಹಂಚುವ ಹೊಸ ವ್ಯವಸ್ಥೆ ಇದು. ಚಿಟ್ ಫಂಡ್, ಆನ್‌ಲೈನ್ ವಂಚನೆಯಲ್ಲಿ ಕಳೆದುಕೊಂಡವರಿಗೆ ದೊಡ್ಡ ಆಸರೆ. ಆದರೆ ಹಂಚಿಕೆಗೆ ಶಿಕ್ಷೆಯ ತೀರ್ಪನ್ನು ಕಾಯಬೇಕಿಲ್ಲ. ನಾಲ್ಕು ವರ್ಷದ ನಂತರ ಆರೋಪಿ ಖುಲಾಸೆಯಾದರೆ ಹಂಚಿಹೋದ ಹಣವನ್ನು ಯಾರಿಂದ ವಸೂಲಿ ಮಾಡುವುದು? ಸಂಹಿತೆ ಇದಕ್ಕೆ ಉತ್ತರ ಕೊಡುವುದಿಲ್ಲ.

ಸಾಕ್ಷಿ ತಿರುಗಿಬಿದ್ದರೆ ಪರಿಹಾರ ಹಿಂದಕ್ಕೆ ಪಡೆಯಬೇಕೆ ಎಂಬುದು ಇನ್ನೊಂದು ಜಟಿಲ ವಿಷಯ. ಹಾಗೆ ಆದೇಶಿಸಿದ ಹೈಕೋರ್ಟ್‌ಗಳಿವೆ. ದುಡ್ಡು ಪಡೆದು ರಾಜಿಯಾಗುವುದು ತಪ್ಪಬೇಕು ಎಂಬ ತರ್ಕ ಅರ್ಥವಾಗುವಂಥದು. ಆದರೆ ತಿರುಗಿಬೀಳುವವರಲ್ಲಿ ಎಲ್ಲರೂ ರಾಜಿಯಾದವರಲ್ಲ, ಹೆದರಿದವರೂ ಇದ್ದಾರೆ. 2018ರ ಸಾಕ್ಷಿ ರಕ್ಷಣಾ ಯೋಜನೆಯ ಪ್ರಕಾರ ಜಿಲ್ಲಾ ನ್ಯಾಯಾಧೀಶರ ನೇತೃತ್ವದ ಸಮಿತಿಗೆ ಅರ್ಜಿ ಹಾಕಿದರೆ, ಪೊಲೀಸರಿಂದ ಬೆದರಿಕೆಯ ವರದಿ ಬಂದ ಐದು ಕೆಲಸದ ದಿನಗಳಲ್ಲಿ ತೀರ್ಮಾನವಾಗಬೇಕು. ರಕ್ಷಣೆ ಒಮ್ಮೆಗೆ ಮೂರು ತಿಂಗಳು ಮೀರುವಂತಿಲ್ಲ. ವಿಚಾರಣೆ ಮೂರು ವರ್ಷ ನಡೆದರೆ ಹನ್ನೆರಡು ಸಲ ಅರ್ಜಿ. ಅಷ್ಟು ಸಲ ಬೆದರಿಕೆ ಇದೆಯೆಂದು ಸಾಬೀತು ಮಾಡುವುದಕ್ಕಿಂತ ‘ನನಗೇನೂ ನೆನಪಿಲ್ಲ’ ಎನ್ನುವುದು ಸುಲಭ.

## ಮುಂದೆ ಆಗುವುದೇನು

2024ರ ನವೆಂಬರ್ ನಿರ್ದೇಶನವನ್ನು ಸೆಷನ್ಸ್ ನ್ಯಾಯಾಲಯಗಳು ಪಾಲಿಸಿದಷ್ಟೂ ಪ್ರಾಧಿಕಾರಗಳಿಗೆ ಬರುವ ಶಿಫಾರಸುಗಳು ಏರುತ್ತವೆ. ಜಿಲ್ಲೆಗೊಬ್ಬ ಸದಸ್ಯ ಕಾರ್ಯದರ್ಶಿ. ಅವರೇ ಲೋಕ ಅದಾಲತ್, ಕಾನೂನು ನೆರವು, ಜೈಲು ಭೇಟಿ ಎಲ್ಲವನ್ನೂ ನೋಡಿಕೊಳ್ಳಬೇಕು. ಸಿಬ್ಬಂದಿ ಹೆಚ್ಚಿಸದೆ ಆದೇಶ ಹೆಚ್ಚಿಸಿದರೆ ತೀರ್ಪಿನ ಹಂತದಲ್ಲಿದ್ದ ವಿಳಂಬ ಪಾವತಿಯ ಹಂತಕ್ಕೆ ಸ್ಥಳಾಂತರವಾಗುತ್ತದೆ, ಅಷ್ಟೆ. ದೋಷಾರೋಪ ಪಟ್ಟಿಯ ಜೊತೆಗೇ ಮುಚ್ಚಿದ ಲಕೋಟೆಯಲ್ಲಿ ನೊಂದವರ ಬ್ಯಾಂಕ್ ವಿವರ, ಪೋಷಕರ ವಿವರ, ಬದಲಿ ಸಂಪರ್ಕ ಸಂಖ್ಯೆ ಪ್ರಾಧಿಕಾರಕ್ಕೆ ಹೋಗುವಂತೆ ಮಾಡುವುದು ರಾಜ್ಯದ ಮಟ್ಟದಲ್ಲೇ ಒಂದು ಸುತ್ತೋಲೆಯಿಂದ ಆಗುವ ಕೆಲಸ. ಅದಕ್ಕೆ ಸಂಸತ್ತು ಬೇಕಿಲ್ಲ.

ಸದ್ಯ ಇರುವ ವ್ಯವಸ್ಥೆಯಲ್ಲಿ ಕುಟುಂಬವೊಂದು ಮಾಡಬಹುದಾದ್ದು: ಎಫ್‌ಐಆರ್‌ನ ಉಚಿತ ಪ್ರತಿ ಪಡೆದು, ವೈದ್ಯಕೀಯ ವರದಿ, ಆಧಾರ್, ಪಾಸ್‌ಬುಕ್ ಪ್ರತಿಗಳೊಂದಿಗೆ ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವಾ ಪ್ರಾಧಿಕಾರದ ಕಚೇರಿಗೆ ಮೊದಲ ವಾರದಲ್ಲೇ ಹೋಗುವುದು, ಹೋಗಲಾಗದಿದ್ದರೆ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಕರೆ ಮಾಡುವುದು. ಮಧ್ಯಂತರ ಪರಿಹಾರ ಮತ್ತು ವಕೀಲರ ನೇಮಕ ಎರಡಕ್ಕೂ ಅಲ್ಲೇ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯುವುದು. ಪೊಲೀಸರು ‘ಬಿ ರಿಪೋರ್ಟ್’ (ಆರೋಪಕ್ಕೆ ಆಧಾರವಿಲ್ಲ ಎಂಬ ಅಂತಿಮ ವರದಿ) ಹಾಕಿದರೆ ಅದನ್ನು ಒಪ್ಪುವ ಮೊದಲು ದೂರುದಾರರಿಗೆ ನೋಟಿಸ್ ಕೊಡಬೇಕೆಂದು ಸುಪ್ರೀಂ ಕೋರ್ಟ್ 1985ರಲ್ಲೇ ಹೇಳಿದೆ. ಆ ದಿನ ಹಾಜರಾಗಿ ತಕರಾರು ಅರ್ಜಿ ಹಾಕಬಹುದು. ನಾಲ್ಸಾ ಯೋಜನೆಯಡಿ ಘಟನೆ ನಡೆದ ಅಥವಾ ವಿಚಾರಣೆ ಮುಗಿದ ಮೂರು ವರ್ಷದೊಳಗೆ ಪರಿಹಾರದ ಅರ್ಜಿಗೆ ಅವಕಾಶವಿದೆ. ಜಿಲ್ಲಾ ಪ್ರಾಧಿಕಾರ ಅರ್ಜಿ ತಳ್ಳಿಹಾಕಿದರೆ, ಅಥವಾ ಕೊಟ್ಟಿದ್ದು ಕಡಿಮೆಯಾದರೆ, ಆದೇಶದ ಪ್ರತಿ ಕೈಸೇರಿದ 30 ದಿನದೊಳಗೆ ರಾಜ್ಯ ಪ್ರಾಧಿಕಾರಕ್ಕೆ ಮೇಲ್ಮನವಿ ಸಲ್ಲಿಸಬಹುದು.